ಬಣ್ಣವಿಲ್ಲದ ವಿಷದ ಬೆನ್ನು ಹತ್ತಿ

1986ನೆಯ ಇಸವಿಯ ನವೆಂಬರ್ 1ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪಕ್ಕದಲ್ಲಿದ್ದ ಸ್ಯಾಂಡೋಜ್ ಕಂಪನಿಯ ಉಗ್ರಾಣವೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದುದು ಸುಮಾರು 1,350 ಟನ್ ರಾಸಾಯನಿಕಗಳು, ಬಹುಪಾಲು ಕೀಟನಾಶಕಗಳು. ಬೆಳಗಿನ ಜಾವ ಸೈರನ್ನುಗಳು ಕೂಗಿ ಊರನ್ನೆಬ್ಬಿಸಿದವು. ಕಿಟಕಿಗಳನ್ನು ಮುಚ್ಚಿ ಮನೆಯೊಳಗೇ ಇರಬೇಕೆಂದು ಜನರಿಗೆ ಅಪ್ಪಣೆಯಾಯಿತು. ಎಲ್ಲರೂ ಹೆದರಿದ್ದು ಗಾಳಿಗೆ. ಅನಾಹುತ ಹೊರಟದ್ದು ನೀರಿನ ದಾರಿಯಲ್ಲಿ. ಬೆಂಕಿಯಾರಿಸಲು ಸುರಿದ ನೀರು, ಅದನ್ನು ತಡೆದು ನಿಲ್ಲಿಸುವ ತೊಟ್ಟಿಯಿಲ್ಲದ್ದರಿಂದ, ವಿಷವನ್ನು ಹೊತ್ತುಕೊಂಡು ರೈನ್ ನದಿಗಿಳಿಯಿತು. ಬೆಳಕು ಹರಿದಾಗ ಹೊಳೆ ಕೆಂಪಾಗಿತ್ತು.

ಆ ಕೆಂಪನ್ನು ಜಗತ್ತೆಲ್ಲ ಚಿತ್ರಗಳಲ್ಲಿ ನೋಡಿತು. ಆದರೆ ಅದು ಉಗ್ರಾಣದಲ್ಲಿದ್ದ ಬಣ್ಣದ ಪದಾರ್ಥವೊಂದರ ಕೆಂಪು, ಕೊಂದದ್ದು ಅದಲ್ಲ. ಕಣ್ಣಿಗೆ ಕಾಣದೆ ಅದರೊಡನೆ ಹರಿದ ಕೀಟನಾಶಕಗಳು ಕೊಂದವು. ಹೊಳೆಯ ತಳದಲ್ಲಿ ವಾಸಿಸುವ ಹಾವುಮೀನುಗಳು ನೂರಾರು ಕಿಲೋಮೀಟರ್ ಉದ್ದಕ್ಕೂ ಲಕ್ಷಕ್ಕೂ ಮಿಕ್ಕಿದ ಸಂಖ್ಯೆಯಲ್ಲಿ ಸತ್ತು ತೇಲಿದವು.

ರೈನ್ ಒಂದು ದೇಶದ ನದಿಯಲ್ಲ. ಬಾಸೆಲ್ ದಾಟಿದೊಡನೆ ಫ್ರಾನ್ಸ್ ಮತ್ತು ಜರ್ಮನಿ. ಸುಮಾರು 700 ಕಿಲೋಮೀಟರ್ ಕೆಳಗೆ ಹಾಲೆಂಡ್. ಅದರ ನೀರನ್ನು ಕುಡಿಯುವವರು ಎರಡು ಕೋಟಿಗೂ ಹೆಚ್ಚು ಜನ. ಬಾಸೆಲ್ಲಿನಲ್ಲಿ ಬಿದ್ದ ವಿಷ ಹಾಲೆಂಡನ್ನು ಮುಟ್ಟಲು ದಿನಗಳೇ ಬೇಕು. ಸುದ್ದಿಗಾದರೋ ನಿಮಿಷ ಸಾಕು. ಆದರೂ ಅಂದು ಎಚ್ಚರಿಕೆ ತಡವಾಯಿತೆಂದು ಕೆಳಗಿನ ದೇಶಗಳು ದೂರಿದವು. ನದಿಯ ರಕ್ಷಣೆಗಾಗಿ ಐದು ದೇಶಗಳು ಕೂಡಿ 1950ರಷ್ಟು ಹಿಂದೆಯೇ ಒಂದು ಅಂತರರಾಷ್ಟ್ರೀಯ ಆಯೋಗವನ್ನು ರಚಿಸಿದ್ದವು. ಅದು ಹುಟ್ಟಿದ್ದೂ ಬಾಸೆಲ್ಲಿನಲ್ಲಿಯೇ ಎಂಬುದನ್ನು ವಿಧಿಯ ವಿನೋದವೆನ್ನೋಣವೇ?

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಬೆಂಕಿಗಿಂತಲೂ ಹೆಚ್ಚು ನಾಟುತ್ತದೆ. ಘಟನೆಯ ಬಳಿಕ ನೀರನ್ನು ಸೂಕ್ಷ್ಮವಾಗಿ ಪರೀಕ್ಷಿಸುತ್ತಿದ್ದಾಗ ಅಟ್ರಜೀನ್ ಎಂಬ ಕಳೆನಾಶಕ ಸಿಕ್ಕಿತು. ಅದು ಬೆಂಕಿಯಿಂದ ಬಂದದ್ದಲ್ಲ. ಬೆಂಕಿಗೆ ಒಂದು ದಿನ ಮೊದಲು ನೆರೆಯ ಸಿಬಾ-ಗೈಗಿ ಕಾರ್ಖಾನೆಯಿಂದ ಸುಮಾರು 400 ಲೀಟರ್ ಅಟ್ರಜೀನ್ ಹೊಳೆ ಸೇರಿತ್ತು. ಅದಕ್ಕೆ ಬಣ್ಣವಿರಲಿಲ್ಲ, ಸೈರನ್ ಕೂಗಲಿಲ್ಲ. ಹುಡುಕದಿದ್ದರೆ ಅದು ಸದ್ದಿಲ್ಲದೆ ಸಮುದ್ರ ಸೇರಿಬಿಡುತ್ತಿತ್ತು. ಹಾಗೆ ಸೇರಿದವು ಅದಕ್ಕೆ ಮೊದಲು ಎಷ್ಟಿದ್ದುವೋ!

ನದಿಯ ದೇಶಗಳು 1987ರಲ್ಲಿ ರೈನ್ ಕಾರ್ಯಕ್ರಮವನ್ನು ಅಂಗೀಕರಿಸಿದವು. ಮುಂದಿನ ವರ್ಷಗಳಲ್ಲಿ ವಿಜ್ಞಾನಿಗಳು ಗಣಕಯಂತ್ರದೊಳಗೆ ಒಂದು ನದಿಯನ್ನೇ ಕಟ್ಟಿದರು. ವಿಷ ಎಲ್ಲಿ, ಯಾವಾಗ, ಎಷ್ಟು ಬಿತ್ತೆಂದು ತಿಳಿಸಿ, ಅಂದಿನ ಹರಿವಿನ ಪ್ರಮಾಣವನ್ನು ಕೊಟ್ಟರೆ, ಅದು ಯಾವ ಊರನ್ನು ಯಾವಾಗ ಮುಟ್ಟುವುದು, ಎಷ್ಟು ತೆಳುವಾಗಿರುವುದು ಎಂಬುದನ್ನು ಯಂತ್ರ ಲೆಕ್ಕಹಾಕುತ್ತದೆ. ಆ ಲೆಕ್ಕವನ್ನು ಸರಿದೂಗಿಸಲು ಅವರು ಮಾಡಿದ್ದೇನು ಗೊತ್ತೇ? ಹೊಳೆಗೆ ತಾವೇ ನಿರಪಾಯದ ಬಣ್ಣವನ್ನು ಸುರಿದು, ಅದರ ಹಿಂದೆ ಕೆಳಗಿನ ಊರುಗಳಲ್ಲಿ ನೀರಿನ ಮಾದರಿ ಹಿಡಿಯುತ್ತ ಹೋದರು. ದಡದಿಂದ ಚಾಚಿಕೊಂಡ ಕಲ್ಲಿನ ಕಟ್ಟೆಗಳ ಮರೆಯಲ್ಲಿ ನಿಂತ ನೀರು ಬಣ್ಣವನ್ನು ಹಿಡಿದಿಟ್ಟು, ಮೆಲ್ಲಮೆಲ್ಲನೆ ಬಿಡುತ್ತದೆ. ಆದ್ದರಿಂದ ವಿಷದ ಮೋಡಕ್ಕೊಂದು ಉದ್ದನೆಯ ಬಾಲವಿರುತ್ತದೆ. ತಲೆ ದಾಟಿತೆಂದು ನೀರೆತ್ತುವ ಬಾಗಿಲನ್ನು ತೆರೆದವನು ಬಾಲವನ್ನು ಕುಡಿಸುತ್ತಾನೆ!

ಯಂತ್ರಗಳ ಜತೆಗೆ ಜೀವಿಗಳನ್ನೂ ಕಾವಲಿಗೆ ಹಾಕಿದರು. ಡಾಫ್ನಿಯಾ ಎಂಬ ಸಣ್ಣ ಜಲಜೀವಿ ಈಜುವ ರೀತಿ ಕೆಟ್ಟರೆ, ಚಿಪ್ಪುಜೀವಿಗಳು ಬಹಳ ಹೊತ್ತು ಚಿಪ್ಪು ಮುಚ್ಚಿಕೊಂಡರೆ, ಯಂತ್ರ ಅದನ್ನು ಗುರುತಿಸಿ ಎಚ್ಚರಿಸುತ್ತದೆ. ಯಾವ ವಿಷವೆಂದು ಅವು ಹೇಳಲಾರವು. ಏನೋ ಇದೆಯೆಂದು ಮಾತ್ರ ಹೇಳುತ್ತವೆ.

1993ರಲ್ಲಿ ಬಾಸೆಲ್ಲಿನ ಕೆಳಗೆ, ಜರ್ಮನಿಯ ನೆಲದ ವೈಲ್ ಎಂಬಲ್ಲಿ, ಎರಡು ದೇಶಗಳು ಸೇರಿ ನಡೆಸುವ ಕಾವಲುಕೇಂದ್ರ ಆರಂಭವಾಯಿತು. ಅಲ್ಲಿ ನದಿಯ ಅಗಲದುದ್ದಕ್ಕೂ ಹಲವು ಕಡೆಗಳಿಂದ ನೀರನ್ನೆತ್ತಿ ಪರೀಕ್ಷಿಸುತ್ತಾರೆ. ಒಂದು ದಡದಲ್ಲಿ ಬಿದ್ದದ್ದು ಇನ್ನೊಂದು ದಡಕ್ಕೆ ಬೆರೆಯಲು ಬಹುದೂರ ಹರಿಯಬೇಕು. ಅಷ್ಟರೊಳಗೆ ನೀರನ್ನು ಹಿಡಿದರೆ, ಅದು ಯಾವ ದಡದಿಂದ ಬಂತೆಂಬ ಸುಳಿವೂ ಸಿಗುತ್ತದೆ.