ಮನೆಯೊಳಗಿನ ನಕಲು

ಒಬ್ಬನ ಮನೆಯಿಂದ ತಾಮ್ರದ ಬಿಂದಿಗೆಯನ್ನು ಎತ್ತಿಕೊಂಡು ಹೋದರೆ ಅವನಿಗೆ ಬಿಂದಿಗೆ ಇಲ್ಲವಾಗುತ್ತದೆ. ಅದು ಕಳವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಒಬ್ಬನ ಹಾಡನ್ನು ನಕಲು ಮಾಡಿಕೊಂಡರೆ ಹಾಡು ಅವನಲ್ಲಿಯೂ ಉಳಿಯುತ್ತದೆ, ನಮ್ಮಲ್ಲಿಯೂ ಉಳಿಯುತ್ತದೆ. ಹಾಗಾದರೆ ಅವನಿಗೆ ಆದ ನಷ್ಟವೇನು? ನಷ್ಟವೇ ಇಲ್ಲವೆನ್ನೋಣವೆಂದರೆ, ಎಲ್ಲರೂ ನಕಲನ್ನೇ ಮಾಡಿಕೊಂಡ ದಿನ ಹಾಡು ಕಟ್ಟಿದವನ ಹೊಟ್ಟೆ ತುಂಬುವ ಬಗೆ ಯಾವುದು? ಈ ಎರಡು ಪ್ರಶ್ನೆಗಳ ನಡುವೆ ಜಗತ್ತಿನ ನ್ಯಾಯಾಲಯಗಳು ಎಪ್ಪತ್ತು ವರ್ಷಗಳಿಂದ ತೂಗಾಡುತ್ತಿವೆ.

ಹೊರನಾಡಿನಲ್ಲಿ ನೆಲೆಸಿದ ನಮ್ಮಂತಹ ಕುಟುಂಬಗಳಿಗೆ ಇದು ಬರಿಯ ವಕೀಲರ ಚರ್ಚೆಯಲ್ಲ. 1994ರಲ್ಲಿ ಉದಯ ಟಿ.ವಿ. ಆರಂಭವಾಗುವವರೆಗೆ, ನಾಡಿನಿಂದ ದೂರವಿದ್ದವರ ಮನೆಯ ದೂರದರ್ಶನದ ಪೆಟ್ಟಿಗೆಯಲ್ಲಿ ಕನ್ನಡದ ದನಿ ಕೇಳುತ್ತಿದ್ದುದು ಅಪರೂಪ. ನಮ್ಮ ತಂದೆತಾಯಿಗಳ ಕಾಲದಲ್ಲಿ, ಬೇಸಿಗೆಯ ರಜೆಗೆ ಊರಿಗೆ ಹೋದವರು ಭಾವಗೀತೆಯ ಒಂದು ಕ್ಯಾಸೆಟ್ಟನ್ನು ತಂದರೆ, ಅದು ನಾಲ್ಕು ಮನೆಗಳನ್ನು ಸುತ್ತಿ ನಾಲ್ಕು ಪ್ರತಿಗಳನ್ನು ಹೆತ್ತು ಹಿಂದಿರುಗುತ್ತಿತ್ತು. ಶಾಲೆಯಲ್ಲಿ ಕನ್ನಡವಿಲ್ಲದೆ ಬೆಳೆದ ನಮ್ಮಲ್ಲಿ ಎಷ್ಟೋ ಮಂದಿಗೆ ಆ ನಕಲುಗಳೇ ಕನ್ನಡದ ಪಾಠಶಾಲೆಗಳಾದವು. ಆದುದರಿಂದ ಆ ನಕಲಿನ ನ್ಯಾಯಾನ್ಯಾಯವನ್ನು ತಿಳಿಯುವುದು ನಮಗೆ ಉಚಿತವೇ ಆಗಿದೆ.

ಗ್ರಂಥಸ್ವಾಮ್ಯದ ಕಾನೂನು ಹುಟ್ಟಿದುದು ಅಚ್ಚುಕೂಟದ ಸುತ್ತ. ಇಂಗ್ಲೆಂಡಿನಲ್ಲಿ ಆನ್ ರಾಣಿಯ ಕಾಲದ ಶಾಸನವು 1710ರಲ್ಲಿ ಜಾರಿಗೆ ಬಂದಿತು. ಹೊಸ ಪುಸ್ತಕವೊಂದಕ್ಕೆ 14 ವರ್ಷಗಳ ಹಕ್ಕು. ಅವಧಿ ಮುಗಿದಾಗ ಕರ್ತೃವು ಬದುಕಿದ್ದರೆ ಇನ್ನೂ 14 ವರ್ಷ. ಆಗ ಪ್ರತಿ ಮಾಡಬೇಕಾದರೆ ಮೊಳೆ, ಮಸಿ, ಯಂತ್ರ, ಬಂಡವಾಳ ಎಲ್ಲವೂ ಬೇಕಾಗಿದ್ದುವು. ಕಾನೂನು ಮುದ್ರಕನ ಮೇಲೆ ಕಣ್ಣಿಟ್ಟರೆ ಸಾಕಾಗಿತ್ತು. ಓದುಗನ ಮನೆಯ ಬಾಗಿಲನ್ನು ತಟ್ಟುವ ಪ್ರಸಂಗವೇ ಇರಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಟೇಪ್ ರೆಕಾರ್ಡರು ಮನೆಗಳನ್ನು ಹೊಕ್ಕಿತು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯ ಪುಟ್ಟ ಕ್ಯಾಸೆಟ್ಟು ಬಂದಿತು. ಮನೆಯೇ ಅಚ್ಚುಕೂಟವಾಯಿತು.

ಈ ತೊಡಕನ್ನು ಮೊದಲು ಎದುರಿಸಿದವರಲ್ಲಿ ಪಶ್ಚಿಮ ಜರ್ಮನಿಯವರು ಮುಖ್ಯರು. ಅಲ್ಲಿನ ಸಂಗೀತಕಾರರ ಸಂಘವಾದ ಗೇಮಾ, ಗ್ರುಂಡಿಗ್ ಎಂಬ ಯಂತ್ರ ತಯಾರಕರ ಮೇಲೆ ವ್ಯಾಜ್ಯ ಹೂಡಿತು. ಮನೆಯಲ್ಲಿ ಮಾಡಿಕೊಂಡ ಧ್ವನಿಮುದ್ರಣಕ್ಕೂ ಸಂಗೀತಕಾರನ ಅನುಮತಿ ಬೇಕೆಂದು 1955ರಲ್ಲಿ ಆ ದೇಶದ ಉಚ್ಚ ನ್ಯಾಯಾಲಯ ಹೇಳಿತು. ಆದರೆ ಅನುಮತಿ ಕೇಳದವನನ್ನು ಹಿಡಿಯುವುದೆಂತು? ಯಂತ್ರವನ್ನು ಕೊಳ್ಳುವವರ ಗುರುತಿನ ಚೀಟಿಯನ್ನು ಅಂಗಡಿಯಲ್ಲಿ ನೋಡಿ ಹೆಸರು ಬರೆದುಕೊಳ್ಳಬೇಕೆಂದು ಸಂಘವು ಕೇಳಿದಾಗ, ಮನೆಯೊಳಗಿನ ಬದುಕಿನಲ್ಲಿ ಅಷ್ಟು ಕೈಹಾಕುವುದು ಸಲ್ಲದೆಂದು ಅದೇ ನ್ಯಾಯಾಲಯ 1964ರಲ್ಲಿ ತೀರ್ಪಿತ್ತಿತು. ಹಕ್ಕು ಉಂಟು, ವಸೂಲಿಗೆ ದಾರಿಯಿಲ್ಲ! ಕೊನೆಗೆ 1965ರ ಕಾಯಿದೆ ಒಂದು ಜಾಣ ಉಪಾಯವನ್ನು ಕಂಡುಕೊಂಡಿತು. ಸ್ವಂತಕ್ಕಾಗಿ ಪ್ರತಿ ಮಾಡಿಕೊಳ್ಳಲು ಅಡ್ಡಿಯಿಲ್ಲ. ಆದರೆ ಯಂತ್ರದ ಬೆಲೆಯಲ್ಲಿಯೇ ಒಂದು ಸಣ್ಣ ಅಂಶವನ್ನು ತಯಾರಕನು ಕಲಾವಿದರಿಗಾಗಿ ತೆರಬೇಕು. 1985ರಲ್ಲಿ ಖಾಲಿ ಕ್ಯಾಸೆಟ್ಟುಗಳಿಗೂ ಈ ಕರ ಬಿದ್ದಿತು. ಬ್ಯಾಂಕಿನ ಲೆಡ್ಜರು ಬರೆಯುವ ನಮಗೆ ಈ ಉಪಾಯ ಹಿಡಿಸುತ್ತದೆ: ಯಾರ ಮನೆಯನ್ನೂ ಇಣುಕಿ ನೋಡದೆ ಖಾತೆ ಸರಿತೂಗಿತು.

ಅಮೆರಿಕದಲ್ಲಿ ನಡೆದ ವ್ಯಾಜ್ಯ ಇನ್ನೂ ಪ್ರಸಿದ್ಧವಾದುದು. ಜಪಾನಿನ ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ಎಂಬ ವೀಡಿಯೊ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವವನು ಟಿ.ವಿ.ಯ ಕಾರ್ಯಕ್ರಮವನ್ನು ಮುದ್ರಿಸಿಟ್ಟು ಮರುದಿನ ನೋಡಬಹುದಾಯಿತು. 1976ರಲ್ಲಿ ಯೂನಿವರ್ಸಲ್ ಮತ್ತು ವಾಲ್ಟ್ ಡಿಸ್ನಿ ಸಂಸ್ಥೆಗಳು ಸೋನಿಯನ್ನು ಕೋರ್ಟಿಗೆಳೆದುವು. ಯಂತ್ರದಿಂದ ಚಿತ್ರಗಳ ನಕಲಾಗುತ್ತಿದೆ, ಆ ತಪ್ಪಿಗೆ ಯಂತ್ರ ಮಾಡಿದವನೂ ಹೊಣೆಗಾರನೆಂಬುದು ಅವರ ವಾದ. ಸೋಜಿಗವೇನೆಂದರೆ, ಪ್ರತಿವಾದಿಗಳ ಪಟ್ಟಿಯಲ್ಲಿ ಒಬ್ಬ ಸಾಮಾನ್ಯ ಗೃಹಸ್ಥನ ಹೆಸರೂ ಇದ್ದಿತು. ಆದರೆ ಅವನಿಂದ ಯಾವ ಪರಿಹಾರವನ್ನೂ ಕೇಳಿರಲಿಲ್ಲ. ಪ್ರೇಕ್ಷಕನನ್ನೇ ಕಟಕಟೆಗೇರಿಸುವ ಧೈರ್ಯ ಆ ದೊಡ್ಡ ಸಂಸ್ಥೆಗಳಿಗೂ ಇರಲಿಲ್ಲವೆಂದು ಕಾಣುತ್ತದೆ.

1979ರಲ್ಲಿ ಕೆಳಗಿನ ಕೋರ್ಟಿನಲ್ಲಿ ಸೋನಿ ಗೆದ್ದಿತು. 1981ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಎರಡು ಬಾರಿ ವಾದ ನಡೆದು, 1984ರ ಜನವರಿ 17ರಂದು ತೀರ್ಪು ಬಂದಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಸೋನಿಯ ಕಡೆ, ನಾಲ್ವರು ಎದುರು. ಉಚಿತವಾಗಿ ಪ್ರಸಾರವಾದ ಕಾರ್ಯಕ್ರಮವನ್ನು ಅನುಕೂಲವಾದ ಹೊತ್ತಿಗೆ ನೋಡಲೆಂದು ಮನೆಯಲ್ಲಿ ಮುದ್ರಿಸುವುದು ನ್ಯಾಯವಾದ ಬಳಕೆಯೇ ಸರಿ. ಸಕ್ರಮವಾದ ಉಪಯೋಗಗಳು ಧಾರಾಳವಾಗಿರುವ ಯಂತ್ರವನ್ನು ಮಾರಿದವನನ್ನು ಗ್ರಾಹಕನ ತಪ್ಪಿಗೆ ಹೊಣೆ ಮಾಡಲಾಗದು ಎಂದು ಬಹುಮತದ ಪರವಾಗಿ ನ್ಯಾಯಮೂರ್ತಿ ಸ್ಟೀವನ್ಸ್ ಬರೆದರು. ಮಕ್ಕಳ ಕಾರ್ಯಕ್ರಮದಿಂದ ಮನೆಮಾತಾಗಿದ್ದ ಫ್ರೆಡ್ ರೋಜರ್ಸ್, ತಮ್ಮ ಕಾರ್ಯಕ್ರಮವನ್ನು ಮನೆಗಳಲ್ಲಿ ಮುದ್ರಿಸಿಕೊಳ್ಳುವುದಕ್ಕೆ ತಮ್ಮ ಆಕ್ಷೇಪವಿಲ್ಲವೆಂದು ನುಡಿದ ಸಾಕ್ಷ್ಯವೂ ತೀರ್ಪಿನಲ್ಲಿ ಸ್ಥಾನ ಪಡೆಯಿತು. ಮುದ್ರಿಸಿದುದನ್ನು ಶಾಶ್ವತವಾಗಿ ಕಪಾಟಿನಲ್ಲಿ ಕೂಡಿಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಮಾತ್ರ ಆ ತೀರ್ಪು ಬಗೆಹರಿಸಲಿಲ್ಲ.

ಮುಂದಿನ ಕಥೆ ಇನ್ನೂ ಸ್ವಾರಸ್ಯಕರ. ತಮ್ಮನ್ನು ಮುಳುಗಿಸುವುದೆಂದು ಚಿತ್ರ ಸಂಸ್ಥೆಗಳು ಹೆದರಿದ್ದ ಯಂತ್ರವೇ, ಚಿತ್ರಗಳ ವೀಡಿಯೊ ಕ್ಯಾಸೆಟ್ಟುಗಳ ಮಾರಾಟದಿಂದ ಅವರ ಪಾಲಿನ ಕಾಮಧೇನುವಾಯಿತು. ಗೆದ್ದ ಸೋನಿಯಾದರೋ 1988ರಲ್ಲಿ ಸಿ.ಬಿ.ಎಸ್. ರೆಕಾರ್ಡ್ಸ್ ಎಂಬ ಸಂಗೀತ ಸಂಸ್ಥೆಯನ್ನೂ, 1989ರಲ್ಲಿ ಕೊಲಂಬಿಯಾ ಪಿಕ್ಚರ್ಸನ್ನೂ ಕೊಂಡು, ತಾನೇ ಹಾಡು-ಚಿತ್ರಗಳ ಒಡೆಯನಾಯಿತು. ನಕಲಿನ ಯಂತ್ರ ಮಾರಿದವನೇ ನಕಲಿಗೆ ಅಂಜಬೇಕಾಯಿತು!

ಇನ್ನು ನಮ್ಮ ದೇಶದ ಮಾತು. ಸ್ವತಂತ್ರ ಭಾರತದ ಗ್ರಂಥಸ್ವಾಮ್ಯ ಕಾಯಿದೆ 1957ರದು. 1958ರ ಜನವರಿ 21ರಿಂದ ಜಾರಿಯಲ್ಲಿದೆ. ಅದರ 52ನೆಯ ಕಲಮು ಖಾಸಗಿ ಅಭ್ಯಾಸ, ಸಂಶೋಧನೆ ಮೊದಲಾದುವಕ್ಕೆ ನ್ಯಾಯವಾದ ಬಳಕೆಯನ್ನು ಮನ್ನಿಸಿತು. ಆದರೆ ಆ ರಿಯಾಯಿತಿ ಸಾಹಿತ್ಯ, ನಾಟಕ, ಸಂಗೀತ, ಚಿತ್ರಕಲೆಗಳ ಕೃತಿಗಳಿಗೆ ಮಾತ್ರ. ಧ್ವನಿಮುದ್ರಿಕೆಗೂ ಚಲನಚಿತ್ರಕ್ಕೂ ಅದರಲ್ಲಿ ಎಡೆಯಿರಲಿಲ್ಲ. ಅಂದರೆ ಪದ್ಯವನ್ನು ಅಭ್ಯಾಸಕ್ಕೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡವನಿಗೆ ಕಾನೂನಿನ ನೆರಳಿತ್ತು, ಅದೇ ಪದ್ಯದ ಕ್ಯಾಸೆಟ್ಟನ್ನು ನಕಲು ಮಾಡಿದವನಿಗೆ ಆ ನೆರಳಿರಲಿಲ್ಲ. 2012ರ ತಿದ್ದುಪಡಿ ಈ ಕೊರತೆಯನ್ನು ತುಂಬಿತು. ಈಗ ಕಂಪ್ಯೂಟರ್ ಪ್ರೋಗ್ರಾಮು ಹೊರತಾಗಿ ಯಾವುದೇ ಕೃತಿಯನ್ನು ಖಾಸಗಿ ಅಥವಾ ಸ್ವಂತ ಉಪಯೋಗಕ್ಕೆ ನ್ಯಾಯವಾದ ರೀತಿಯಲ್ಲಿ ಬಳಸಬಹುದು. 'ನ್ಯಾಯವಾದ' ಎಂಬ ಶಬ್ದವನ್ನು ಮರೆಯಬಾರದು; ನೂರು ಪ್ರತಿ ಮಾಡಿ ಹಂಚುವುದು ಸ್ವಂತ ಉಪಯೋಗವೆನಿಸದು. ಜರ್ಮನಿಯಂತೆ ಖಾಲಿ ಕ್ಯಾಸೆಟ್ಟಿನ ಮೇಲೆ ಕರ ವಿಧಿಸಿ ಕಲಾವಿದನಿಗೆ ಕೊಡುವ ಏರ್ಪಾಡನ್ನು ನಮ್ಮ ದೇಶ ಮಾಡಲಿಲ್ಲ. ಆದರೆ ಅದೇ 2012ರ ತಿದ್ದುಪಡಿ, ಚಿತ್ರಗೀತೆ ಬರೆದ ಕವಿಗೂ ರಾಗ ಹಾಕಿದ ಸಂಗೀತ ನಿರ್ದೇಶಕನಿಗೂ ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲನ್ನು ನಿಶ್ಚಯಿಸಿತು. ಆ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಕವಿಯೇ ಬರೆದುಕೊಟ್ಟರೂ ಅದು ನಡೆಯದು.

ನಮ್ಮಂತಹ ಸಂಘಗಳಿಗೆ ಉಪಯೋಗವಾದ ಇನ್ನೊಂದು ಮಾತೂ ಅದೇ 52ನೆಯ ಕಲಮಿನಲ್ಲಿದೆ. ಹವ್ಯಾಸಿ ಸಂಘವೊಂದು ಹಣ ತೆಗೆದುಕೊಳ್ಳದೆ ಸಭಿಕರ ಮುಂದೆ ನಾಟಕವಾಡಿದರೆ, ಹಾಡು ಹಾಡಿದರೆ, ಅದು ಉಲ್ಲಂಘನೆಯಲ್ಲ. ಟಿಕೆಟ್ಟು ಮಾರಿದರೆ ಮಾತು ಬೇರೆ. ಆಗ ಅನುಮತಿ ಪಡೆಯಬೇಕಾಗುತ್ತದೆ. ರಾಜ್ಯೋತ್ಸವದ ಕಾರ್ಯಕ್ರಮವನ್ನು ಗೊತ್ತುಮಾಡುವ ಕಾರ್ಯದರ್ಶಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇಂದು ಕ್ಯಾಸೆಟ್ಟು ಹೋಗಿದೆ. ಹಾಡುಗಳೆಲ್ಲ ದೂರವಾಣಿಯಲ್ಲಿಯೇ ದೊರೆಯುತ್ತವೆ. ತಿಂಗಳ ಚಂದಾ ಕೊಟ್ಟವರಿಗೆ ಯಾವ ಕೊರತೆಯೂ ಇಲ್ಲ. ಆದರೆ ಚಂದಾ ನಿಂತ ದಿನ ಉಳಿಸಿಟ್ಟ ಹಾಡೂ ನಿಲ್ಲುತ್ತದೆ. ಆಡಿಯೊ ಸಂಸ್ಥೆಯೊಂದು ತನ್ನ ಪಟ್ಟಿಯಿಂದ ಒಂದು ಹಳೆಯ ಗೀತೆಯನ್ನು ತೆಗೆದುಬಿಟ್ಟರೆ, ಕೇಳುಗನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೀಟಾಮ್ಯಾಕ್ಸ್ ತೀರ್ಪು ಬಗೆಹರಿಸದೆ ಬಿಟ್ಟ ಕೂಡಿಡುವ ಪ್ರಶ್ನೆ ಹೀಗೆ ಬೇರೊಂದು ವೇಷದಲ್ಲಿ ಎದುರು ನಿಂತಿದೆ.

ಆದುದರಿಂದ ನಮ್ಮ ಮನೆಗಳ ಅಟ್ಟದ ಮೇಲಿರುವ ಕ್ಯಾಸೆಟ್ಟುಗಳನ್ನು ಕಸವೆಂದು ಎಸೆಯದಿರೋಣ. ಟೇಪು ವರ್ಷಾಂತರದಲ್ಲಿ ಸವೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಇನ್ನೂ ಹಾಡುತ್ತಿರುವಾಗಲೇ ಮನೆಮಂದಿಯ ಉಪಯೋಗಕ್ಕೆ ಹೊಸ ಪ್ರತಿಯೊಂದನ್ನು ಇಳಿಸಿಕೊಳ್ಳುವುದು ಯುಕ್ತ. ಜೊತೆಗೆ, ಇಂದು ಬರೆಯುತ್ತಿರುವ, ಹಾಡುತ್ತಿರುವ ಕನ್ನಡಿಗರ ಮುದ್ರಿಕೆಯನ್ನು ಹಣ ಕೊಟ್ಟೇ ಕೊಳ್ಳೋಣ. ಹಳೆಯ ಹಾಡು ನಮ್ಮನ್ನು ಕನ್ನಡಿಗರಾಗಿ ಉಳಿಸಿತು; ಹೊಸ ಹಾಡು ಕಟ್ಟುವವನು ಉಳಿಯುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಬಾಕಿ.