ಸಾಣೆಕಲ್ಲು ನಡೆದು ಬಂದ ದಾರಿ



ಸುಗ್ಗಿ ಹತ್ತಿರ ಬಂತೆಂದರೆ ಕುಡುಗೋಲಿನ ನೆನಪಾಗುತ್ತದೆ. ಅಟ್ಟದಿಂದ ಇಳಿಸಿ ನೋಡಿದರೆ ಬಾಯಿ ಮೊಂಡು! ಮೊಂಡು ಕುಡುಗೋಲಿನಲ್ಲಿ ರಾಗಿ ಕೊಯ್ದರೆ ಬುಡವೇ ಕಿತ್ತು ಬರುತ್ತದೆ, ಕಾಳು ಉದುರುತ್ತದೆ, ಕೊಯ್ಯುವವರ ರಟ್ಟೆ ಸೋಲುತ್ತದೆ. ಈ ಕಷ್ಟ ಇಂದಿನದಲ್ಲ, ಇದಕ್ಕೆ ಕಂಡುಕೊಂಡ ಉಪಾಯವೂ ಇಂದಿನದಲ್ಲ.

ಬಳ್ಳಾರಿಯ ಬಳಿ ಸಂಗನಕಲ್ಲು ಎಂಬ ಊರಿದೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿಯ ಗುಡ್ಡಗಳಲ್ಲಿ ದನ ಸಾಕಿ, ಧಾನ್ಯ ಬೆಳೆಯುವ ಜನರಿದ್ದರು. ಅವರಿಗೆ ಕಬ್ಬಿಣ ಗೊತ್ತಿರಲಿಲ್ಲ. ಕರಿಗಲ್ಲನ್ನು ಒಡೆದು ಕೊಡಲಿಯ ಆಕಾರಕ್ಕೆ ತಂದು, ಬಂಡೆಯ ಮೇಲೆ ಉಜ್ಜಿ ಉಜ್ಜಿ ಬಾಯಿ ಮಾಡುತ್ತಿದ್ದರು. ಹಾಗೆ ಉಜ್ಜಿದ ಕುಳಿಗಳು ಬಂಡೆಗಳ ಮೇಲೆ ಉಳಿದಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಸಾಹೇಬರು ನೆಲ ಅಗೆಸಿದಾಗ, ಕೆಳಗಿನ ಪದರದಲ್ಲಿ ನಯವಾದ ಕಲ್ಲುಕೊಡಲಿಗಳೂ ಅದರ ಮೇಲಿನ ಪದರದಲ್ಲಿ ಕಬ್ಬಿಣದ ಉಪಕರಣಗಳೂ ಸಿಕ್ಕವು. ಕಲ್ಲುಕೊಡಲಿ ಹೋಯಿತು, ಕಬ್ಬಿಣ ಬಂತು. ಮಸೆಯುವ ಕಲ್ಲು ಮಾತ್ರ ಹೋಗಲಿಲ್ಲ.

ಮುಂದೆ ಕಲ್ಲು ಚಕ್ರವಾಯಿತು. ನಮ್ಮ ದೇಶದ ಸಾಣೆಗಾರರು ಕುರುಂದದ ಕಲ್ಲನ್ನು ಪುಡಿಮಾಡಿ, ಅರಗಿನಲ್ಲಿ ಬೆರೆಸಿ ಸಾಣೆಚಕ್ರ ಮಾಡಿದರು. ಇಂಗ್ಲಿಷಿನ ಕೊರಂಡಮ್ ಎಂಬ ಹೆಸರು ದಕ್ಷಿಣದ ನಮ್ಮ ಮಾತುಗಳಿಂದಲೇ ಹೋದದ್ದು! 1891ರಲ್ಲಿ ಅಮೆರಿಕದ ಅಚೆಸನ್ ಎಂಬುವರು ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ವಸ್ತುವನ್ನು ತಯಾರಿಸಿದರು. ಆಮೇಲೆ ಕಾರ್ಖಾನೆಯ ಚಕ್ರಗಳು ಬಂದವು, ಮೋಟಾರು ಬಂತು. ನಿಮಿಷಕ್ಕೆ ಸುಮಾರು 2800 ಸುತ್ತು!

ವೇಗ ಬಂತು, ನೀರು ಮರೆತುಹೋಯಿತು. ನಮ್ಮ ಹಿರಿಯರು ಮಸೆಗಲ್ಲಿಗೆ ನೀರು ಚಿಮುಕಿಸದೆ ಮಚ್ಚು ಮುಟ್ಟಿಸುತ್ತಿರಲಿಲ್ಲ. ಒಣಚಕ್ರಕ್ಕೆ ಒತ್ತಿ ಹಿಡಿದರೆ ತೆಳ್ಳಗಿನ ಅಲಗು ಕ್ಷಣದಲ್ಲಿ ಕಾಯುತ್ತದೆ. ಸುಮಾರು 300 ಡಿಗ್ರಿ ಸೆಂಟಿಗ್ರೇಡಿಗೆ ನೀಲಿಬಣ್ಣ ಏರಿತೆಂದರೆ, ಕಮ್ಮಾರ ಕೊಟ್ಟ ಹದ ಇಳಿಯಿತೆಂದೇ ತಿಳಿಯಿರಿ. ಅಂಥ ಅಲಗು ಬೇಗನೆ ಮಡಚಿಕೊಳ್ಳುತ್ತದೆ. ನಾವು ಕಬ್ಬಿಣವನ್ನು ಬೈಯುತ್ತೇವೆ, ತಪ್ಪು ನಮ್ಮದು.

ಅದಕ್ಕೇ ನೀರಿನ ಸಾಣೆಯಂತ್ರ ಒಳ್ಳೆಯದು. ಅದರ ಚಕ್ರ ನಿಮಿಷಕ್ಕೆ ನೂರರ ಆಸುಪಾಸು ಮಾತ್ರ ಸುತ್ತುತ್ತದೆ, ತೊಟ್ಟಿಯ ನೀರಿನಲ್ಲಿ ನೆನೆಯುತ್ತಾ ಅಲಗನ್ನು ತಂಪಾಗಿಡುತ್ತದೆ. ಆದರೆ ಅದಕ್ಕೂ ಆರೈಕೆ ಬೇಕು. ಕೆಲಸ ಮುಗಿದ ಮೇಲೆ ತೊಟ್ಟಿಯ ನೀರು ಚೆಲ್ಲಿ, ತಳದ ಕೆಸರು ತೊಳೆಯಿರಿ. ನೀರಿನಲ್ಲೇ ಬಿಟ್ಟರೆ ಕಲ್ಲು ಒಂದೇ ಕಡೆ ನೀರು ಹೀರಿ ಭಾರವಾಗುತ್ತದೆ, ಒಂದೇ ಸಮ ಸುತ್ತುವುದಿಲ್ಲ. ಅಲಗನ್ನು ಒಂದೇ ಜಾಗದಲ್ಲಿ ಹಿಡಿಯದೆ ಕಲ್ಲಿನ ಅಗಲಕ್ಕೂ ಆಡಿಸಿರಿ, ಇಲ್ಲವಾದರೆ ಗಾಡಿಜಾಡಿನಂತೆ ತಗ್ಗು ಬೀಳುತ್ತದೆ. ಎಣ್ಣೆ ಅಚ್ಚಿಗೆ ಇರಲಿ, ಕಲ್ಲಿಗೆ ಸೋಕದಿರಲಿ. ಬಿರುಕುಬಿಟ್ಟ ಚಕ್ರವನ್ನು ಓಡಿಸಲೇಬೇಡಿ. ಮೋಟಾರಿನ ಸ್ವಿಚ್ಚನ್ನು ಒದ್ದೆಗೈಯಲ್ಲಿ ಮುಟ್ಟಬೇಡಿ. ಭೂಸಂಪರ್ಕದ ತಂತಿ ಸರಿಯಾಗಿರಲಿ.

ಯಂತ್ರ ಇಲ್ಲದವರು ಚಿಂತಿಸಬೇಕಾಗಿಲ್ಲ. ಹಿತ್ತಲಿನ ಮಸೆಗಲ್ಲು, ಒಂದು ಚೊಂಬು ನೀರು, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಸಂಗನಕಲ್ಲಿನವರ ಬಳಿ ಇದ್ದದ್ದೂ ಕಲ್ಲು, ತಾಳ್ಮೆಗಳೇ. ಇಂದು ಸಂಜೆಯೇ ಕುಡುಗೋಲನ್ನು ಅಟ್ಟದಿಂದ ಇಳಿಸಿರಿ.