ಅನ್ನದ ಕುಲವೂ ಪಂಕ್ತಿಯ ನಿಯಮವೂ

ಅಮೆರಿಕೆಯ ನ್ಯೂಯಾರ್ಕ್ ನಗರದಲ್ಲಿ ಹಾರ್ಲೆಮ್ ಎಂಬ ಹಳೆಯ ಬಡಾವಣೆಯೊಂದುಂಟು. ಆಫ್ರಿಕನ್ ಮೂಲದ ಕವಿಗಳಿಗೂ ಗಾಯಕರಿಗೂ 1920ರ ದಶಕದಲ್ಲಿ ಆಶ್ರಯವಾಗಿ ಅದು ಜಗತ್ಪ್ರಸಿದ್ಧವಾಯಿತು. ಇಥಿಯೋಪಿಯಾದಲ್ಲಿ ಹುಟ್ಟಿದ ಯೆಹೂದ್ಯ ಮಹಿಳೆಯೊಬ್ಬರು 2014ರಲ್ಲಿ ಅಲ್ಲಿ ಒಂದು ಭೋಜನಶಾಲೆಯನ್ನು ತೆರೆದರು. ಕಾಲಕ್ರಮದಲ್ಲಿ ಅದು ಮಾಂಸವನ್ನಷ್ಟೇ ಅಲ್ಲದೆ ಹಾಲು, ಬೆಣ್ಣೆ, ಮೊಟ್ಟೆಗಳನ್ನೂ ವರ್ಜಿಸಿ, ಯೆಹೂದ್ಯಶಾಸ್ತ್ರದ ‘ಕೋಷರ್’ ನಿಯಮಕ್ಕೆ ಒಳಪಟ್ಟಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವಾಚಕರಿಗೆ ಇದು ಸಮುದ್ರದಾಚೆಯ ವಿಚಿತ್ರವಾರ್ತೆಯಾಗಿ ತೋರಬಹುದು. ಆದರೆ ಆ ಊಟದ ಪದಾರ್ಥಗಳ ಕುಲವನ್ನು ವಿಚಾರಿಸಿದರೆ, ಅವುಗಳ ದಾಯಾದಿಗಳು ಈ ಸೀಮೆಯ ಹೊಲಗಳಲ್ಲಿಯೇ ಬಹುಕಾಲದಿಂದ ಬೆಳೆಯುತ್ತ ಬಂದಿರುವುದು ಕಂಡುಬರುತ್ತದೆ.

ಮೊದಲು ನಿಯಮದ ವಿಚಾರ. ಮಾಂಸವನ್ನೂ ಹಾಲನ್ನೂ ಕೂಡಿಸಿ ಉಣ್ಣಬಾರದು; ಅವುಗಳ ಪಾತ್ರೆಗಳೂ ಬೇರೆಬೇರೆಯಾಗಿರಬೇಕು; ಸೊಪ್ಪು ಧಾನ್ಯಗಳಲ್ಲಿ ಹುಳುವಿಲ್ಲವೆಂದು ಪರೀಕ್ಷಿಸಬೇಕು; ಪಾಕಶಾಲೆಯ ಮೇಲೆ ಶಾಸ್ತ್ರವನ್ನು ಬಲ್ಲವರ ಕಣ್ಣಿರಬೇಕು. ಇದು ಯೆಹೂದ್ಯರ ವಿಧಿ. ಮಾಂಸವೂ ಹಾಲೂ ಎರಡೂ ಇಲ್ಲದ ಅಡಿಗೆಯಲ್ಲಿ ಈ ವಿಧಿಯ ಪಾಲನೆ ಸುಲಭವಾಗುತ್ತದೆ. ಅಂತಹ ಅಡಿಗೆಯು ಇಥಿಯೋಪಿಯಾದಲ್ಲಿ ಮೊದಲೇ ಸಿದ್ಧವಾಗಿತ್ತು. ಏಕೆಂದರೆ ಅಲ್ಲಿಯ ಪ್ರಾಚೀನ ಕ್ರೈಸ್ತರು ಬುಧವಾರ ಶುಕ್ರವಾರಗಳಲ್ಲಿಯೂ, ಈಸ್ಟರ್ ಹಬ್ಬಕ್ಕೆ ಮುಂಚಿನ 55 ದಿನಗಳಲ್ಲಿಯೂ ಮಾಂಸ, ಹಾಲು, ಬೆಣ್ಣೆಗಳನ್ನು ಮುಟ್ಟುವುದಿಲ್ಲ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಶಾಕವನ್ನು, ಒಂದು ತಿಂಗಳು ಮೊಸರನ್ನು, ಮತ್ತೊಂದು ತಿಂಗಳು ಹಾಲನ್ನು, ಕೊನೆಗೆ ದ್ವಿದಳವನ್ನು ಬಿಡುವ ಮನೆಗಳವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನು ಅಲ್ಲಿಯ ಯೆಹೂದ್ಯರಾದ ಬೇಟ ಇಸ್ರೇಲರು ಅನ್ಯರನ್ನು ಸೋಕಿದರೆ ನೀರಿನಲ್ಲಿ ಮುಳುಗಿ ಶುದ್ಧರಾಗುತ್ತಿದ್ದರು; ನದಿಯ ಬಳಿಯಲ್ಲಿ ವಾಸಿಸಲು ಅಪೇಕ್ಷಿಸುತ್ತಿದ್ದರು. ಕ್ಷಾಮವೂ ಅಂತರ್ಯುದ್ಧವೂ ಒದಗಿದಾಗ, 1984ರಲ್ಲಿಯೂ 1991ರಲ್ಲಿಯೂ ಅವರಲ್ಲಿ ಸಹಸ್ರಾರು ಮಂದಿಯನ್ನು ವಿಮಾನಗಳಲ್ಲಿ ಇಸ್ರೇಲಿಗೆ ಸಾಗಿಸಲಾಯಿತು. ಅವರೊಡನೆ ಅವರ ಅಡಿಗೆಯೂ ದೇಶಾಂತರ ಹೋಯಿತು.

ಆ ಅಡಿಗೆಯ ಮುಖ್ಯಾನ್ನ ‘ಇಂಜೆರಾ’. ಟೆಫ್ ಎಂಬ ಅತಿ ಸಣ್ಣ ಧಾನ್ಯದ ಹಿಟ್ಟನ್ನು ಕಲಸಿ, ಎರಡು ಮೂರು ದಿನ ಹುಳಿಸಿ, ಮಣ್ಣಿನ ದೊಡ್ಡ ಕಾವಲಿಯ ಮೇಲೆ ಹೊಯ್ದು, ಒಂದೇ ಮಗ್ಗುಲಲ್ಲಿ ಬೇಯಿಸುತ್ತಾರೆ. ನೋಡಿದವರು ಇದನ್ನು ದೋಸೆಯ ಸೋದರಿಯೆಂದೇ ಹೇಳಿಯಾರು. ಸಸ್ಯಶಾಸ್ತ್ರಜ್ಞರ ಪ್ರಕಾರ ಟೆಫ್ ಮತ್ತು ರಾಗಿ ಇವೆರಡೂ ಹುಲ್ಲಿನ ವಂಶದಲ್ಲಿ ಒಂದೇ ಶಾಖೆಗೆ ಸೇರಿದವು. ರಾಗಿಯ ಕಾಡುಮೂಲವು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳಲ್ಲಿದೆ. ಅಲ್ಲಿಯೇ ಅದು ಮೊದಲು ಕೃಷಿಗೆ ಬಂದು, ಬಳಿಕ ಸಮುದ್ರವನ್ನು ದಾಟಿ ಭರತಖಂಡವನ್ನು ಸೇರಿತು. ಇಥಿಯೋಪಿಯಾದಲ್ಲಿ ಇಂದಿಗೂ ಅದನ್ನು ‘ದಗುಸ’ ಎಂಬ ಹೆಸರಿನಿಂದ ಬೆಳೆಯುತ್ತಾರೆ. ಕೃಷ್ಣಯಜುರ್ವೇದದ ಚಮಕದಲ್ಲಿ ವ್ರೀಹಿ, ಯವ, ಗೋಧೂಮ, ಶ್ಯಾಮಾಕ ಮೊದಲಾದ 12 ಧಾನ್ಯಗಳ ಪ್ರಾರ್ಥನೆಯುಂಟು. ರಾಗಿಯೆಂದು ನಿಸ್ಸಂದೇಹವಾಗಿ ಗುರುತಿಸಬಹುದಾದ ಹೆಸರು ಅವುಗಳಲ್ಲಿಲ್ಲ. ಹೀಗೆ ಪರದೇಶದಿಂದ ಬಂದ ಧಾನ್ಯವು ಈ ನಾಲ್ಕು ತಾಲ್ಲೂಕುಗಳಲ್ಲಿ ಮುದ್ದೆಯಾಗಿಯೂ, ಗಡಿಯ ತೆಲುಗು ಮನೆಗಳಲ್ಲಿ ಸಂಗಟಿಯಾಗಿಯೂ ಪ್ರಾಣಾಧಾರವಾಯಿತು.

ರಾಗಿಯ ಹೊಲದ ಅಕ್ಕಡಿ ಸಾಲುಗಳಲ್ಲಿ ಹಳದಿಯ ಹೂವನ್ನು ಬಿಡುವ ಹುಚ್ಚೆಳ್ಳಿನ ಕಥೆಯೂ ಹೀಗೆಯೇ. ತೆಲುಗಿನವರೂ ಅದನ್ನು ಅದೇ ಅರ್ಥದಲ್ಲಿ ‘ವೆರ್ರಿನುವ್ವುಲು’ ಎನ್ನುವರು. ಸಸ್ಯಶಾಸ್ತ್ರವು ಅದಕ್ಕಿಟ್ಟಿರುವ ಹೆಸರಿನಲ್ಲಿಯೇ ಅಬಿಸೀನಿಯಾ, ಎಂದರೆ ಇಥಿಯೋಪಿಯಾ, ಅಡಗಿದೆ. ಅಲ್ಲಿ ಉಪವಾಸದ ದಿನಗಳಲ್ಲಿ ಬೆಣ್ಣೆಗೆ ಬದಲಾಗಿ ಒದಗುವುದು ಇದರ ಎಣ್ಣೆ. ಇಲ್ಲಿ ಮುದ್ದೆಯ ಪಕ್ಕಕ್ಕೆ ಒದಗುವುದು ಇದರ ಚಟ್ನಿ. ದನಗಳು ಇದನ್ನು ಮೇಯವಾದುದರಿಂದ ಹೊಲದ ಅಂಚಿಗೆ ಇದು ಬೇಲಿಯೂ ಆಯಿತು.

ಪರದೇಶದ ಧಾನ್ಯಕ್ಕೆ ಕನ್ನಡನಾಡು ಕೊಟ್ಟ ಗೌರವವು ಸಾಮಾನ್ಯವಾದುದಲ್ಲ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ನೆಲ್ಲಿಗೂ ನರೆದಲಗವೆಂಬ ರಾಗಿಗೂ ವಾದವುಂಟಾಗುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ನೆಲ್ಲು ಕಂದುತ್ತದೆ, ರಾಗಿ ನಿಲ್ಲುತ್ತದೆ, ರಾಘವನ ಹೆಸರನ್ನೇ ಪಡೆಯುತ್ತದೆ. ಹಗೇವಿನಲ್ಲಿ ತುಂಬಿದ ರಾಗಿ ವರ್ಷಗಟ್ಟಲೆ ಕೆಡದಿರುವುದನ್ನು ಕಂಡವರಿಗೆ ಈ ತೀರ್ಪು ಕೇವಲ ಕವಿಕಲ್ಪನೆಯಲ್ಲ. 1970ರ ದಶಕದಲ್ಲಿ ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಬೆಳಕಿಗೆ ತಂದರು. ತೌರುಮನೆಯ ಬಲವು ಎರಡನೆಯ ಬಾರಿ ಇಲ್ಲಿಗೆ ಬಂದಂತಾಯಿತು.

ನಿಯಮಬದ್ಧವಾದ ಭೋಜನಶಾಲೆಯೂ ಈ ನಾಡಿಗೆ ಹೊಸದಲ್ಲ. 1924ರಲ್ಲಿ ಉಡುಪಿಯ ಕಡೆಯ ಪರಮೇಶ್ವರ ಮಯ್ಯನವರೂ ಅವರ ಸೋದರರೂ ಬೆಂಗಳೂರಿನಲ್ಲಿ ಲಾಲ್‌ಬಾಗಿನ ಬಳಿ ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಫಲಾಹಾರಮಂದಿರವನ್ನು ತೆರೆದರು. ಪರರ ಕೈಯ ಅಡಿಗೆಗೆ ಅಂಜುವ ಗಿರಾಕಿಗೆ ಆ ಹೆಸರೇ ಅಭಯವಾಗಿತ್ತು. ಆದರೆ ಆ ಹೆಸರಿನ ಮಧ್ಯದಲ್ಲಿರುವ ಕಾಫಿಯೆಲ್ಲಿಯದು? ಇಥಿಯೋಪಿಯಾದ ಕಾಡುಗಳಲ್ಲಿ ಹುಟ್ಟಿ, ಅರಬರ ಕೈಯಲ್ಲಿ ಬೆಳೆದು, ಬಾಬಾ ಬುಡನ್ ಎಂಬ ಮುಸಲ್ಮಾನ ಸಂತರಿಂದ 17ನೆಯ ಶತಮಾನದಲ್ಲಿ ಚಂದ್ರದ್ರೋಣಪರ್ವತಕ್ಕೆ ಬಂದಿತೆಂದು ಪ್ರಸಿದ್ಧಿಯುಳ್ಳದ್ದು. ಅದರ ಗೋತ್ರವನ್ನು ಯಾವ ಮಡಿವಂತನೂ ಕೇಳಲಿಲ್ಲ.

ಧಾನ್ಯದ ಗೋತ್ರವನ್ನು ಕೇಳದವರು ಮನುಷ್ಯನ ಗೋತ್ರವನ್ನು ಮಾತ್ರ ಕೇಳಿದರು. ಆ ಕಾಲದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕಸ್ಥಳವಿದ್ದಿತು. ಅಸ್ಪೃಶ್ಯರೆನಿಸಿದವರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಸಾವಿರಾರು ಮೈಲಿಗಳಾಚೆಯ ಬೀಜಕ್ಕೆ ತೆರೆದಿದ್ದ ಬಾಗಿಲು, ಅದನ್ನು ಬಿತ್ತಿ ಕೊಯ್ದು ಒಕ್ಕಿದ ಪಕ್ಕದ ಕೇರಿಯ ಕೈಗಳಿಗೆ ಮುಚ್ಚಿದ್ದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿ, ಹೋಟೆಲುಗಳ ಪ್ರವೇಶಕ್ಕೆ ಜಾತಿಯು ಅಡ್ಡಿಯಾಗಕೂಡದೆಂದು ವಿಧಿಸಿತು. 1955ರ ಶಾಸನವು ಅಂತಹ ಅಡ್ಡಿಯನ್ನು ಶಿಕ್ಷಾರ್ಹವಾಗಿಸಿತು. ಬ್ರಾಹ್ಮಣ ಕಾಫಿ ಕ್ಲಬ್ಬಿಗೆ 1960ರಲ್ಲಿ ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂಬ ಹೆಸರಾಯಿತು.

ಶುಚಿಯೂ ವ್ರತವೂ ಹೇಯವೆಂದು ಇದರ ಅಭಿಪ್ರಾಯವಲ್ಲ. ಪಾತ್ರೆಯನ್ನು ಬೆಳಗುವುದು, ಕಾಳನ್ನು ಆರಿಸುವುದು, ನಾಲಗೆಯನ್ನು ನಿಗ್ರಹಿಸುವುದು ಇವು ಎಲ್ಲ ಧರ್ಮಗಳಿಗೂ ಭೂಷಣವೇ ಸರಿ. ಹಾರ್ಲೆಮಿನ ಆ ಶಾಲೆಯಲ್ಲಿಯೂ ನಿಯಮವು ಅಡಿಗೆಮನೆಗಿದ್ದಿತು. ಊಟಕ್ಕೆ ಬರುವವರಿಗೆ ಕುಲದ ತಡೆಯಿರಲಿಲ್ಲ. ಇಥಿಯೋಪಿಯಾದವರು ಒಂದೇ ತಟ್ಟೆಯ ಸುತ್ತ ಕುಳಿತು, ತುತ್ತನ್ನು ಮಾಡಿ ಪಕ್ಕದವರ ಬಾಯಿಗಿಡುವರು. ಅದಕ್ಕೆ ‘ಗುರ್ಶಾ’ ಎಂದು ಹೆಸರು. ಇಲ್ಲಿ ಎಂಜಲೆನಿಸುವುದು ಅಲ್ಲಿ ಸ್ನೇಹದ ಕುರುಹು. ಅದನ್ನು ಅನುಕರಿಸಬೇಕಾಗಿಲ್ಲ. ಆದರೆ ಮುದ್ದೆಯನ್ನು ಮುರಿಯುವಾಗ, ಇದು ದೂರದಿಂದ ಬಂದ ಅತಿಥಿಯೆಂಬುದನ್ನೂ, ಅತಿಥಿಯನ್ನು ಮನೆಯವನನ್ನಾಗಿ ಮಾಡಿಕೊಂಡ ನಾಡು ಮನೆಯವರನ್ನೇ ಹೊರಗಿಟ್ಟಿದ್ದ ಕಾಲವೊಂದಿತ್ತೆಂಬುದನ್ನೂ ಈ ಸೀಮೆಯ ಮಕ್ಕಳು ಅರಿತಿರುವುದು ಲೇಸು.